ಗೇಟಿಗೆ ಕಟ್ಟಿದ್ದ ಎಮ್ಮೆ

ಓದುವ ಎಲ್ಲರಿಗೂ ಶರಣು. ನಾನು ಬರೆಯುವ ಕಸುಬಿನವನಲ್ಲ. ಇಪ್ಪತ್ತು ವರ್ಷ ತುಂಬುವವರೆಗೆ ಕುರಿಗಳ ಹಿಂದೆ ತಿರುಗಿದವನು. ಹತ್ತನೆಯ ಇಯತ್ತೆಯನ್ನು ಮೀಸೆ ಬಂದು ಎಷ್ಟೋ ವರ್ಷಗಳಾದ ಮೇಲೆ ಹೊರಗಿನಿಂದ ಕಟ್ಟಿ ಪಾಸು ಮಾಡಿದವನು. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒಂದು ಒತ್ತಕ್ಷರ ಹುಡುಕುವುದರೊಳಗೆ ಮುಂದಿನ ಮಾತು ಮರೆತು ಹೋಗಿರುತ್ತದೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿ, ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೊಂದು ಮಾತು. ಇದನ್ನು ಸಿಟ್ಟಿನಿಂದ ಬರೆಯುತ್ತಿದ್ದೇನೆ. ನಾಲ್ಕು ವರ್ಷವಾದರೂ ಇಳಿಯದ ಸಿಟ್ಟು. ಮೊದಲೇ ಹೇಳಿಬಿಟ್ಟರೆ ನಿಮಗೂ ಸಲೀಸು, ನನಗೂ ಸಲೀಸು.

ನಾನು ಸೇರಿದಾಗ ಅದು ಕಂಪನಿ ಆಗಿರಲಿಲ್ಲ. ಮೂಡಲಗಿಯ ಹೊರಗೆ ಒಂದು ತಗಡಿನ ಶೆಡ್ಡು, ಒಂದು ಗಿರಣಿ, ಕಲಸುವ ಒಂದು ಯಂತ್ರ, ಒಂಬತ್ತು ಮಂದಿ. ದನಗಳಿಗೆ ಹಿಂಡಿ ತಯಾರಿಸುತ್ತಿದ್ದೆವು. ಗೊಂಜಾಳ, ಅಂದರೆ ಮೆಕ್ಕೆಜೋಳ, ಒಡೆದು, ಶೇಂಗಾ ಹಿಂಡಿ, ಗೋಧಿ ಬೂಸಾ, ಉಪ್ಪು ಕೂಡಿಸಿ, ಚೀಲ ತುಂಬಿ, ಬಾಯಿ ಹೊಲಿದು, ಗಾಡಿಗೆ ಹೇರುವುದು. ಮಾಲಕರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ಹೆಸರಿಗಷ್ಟೇ ಸಾವ್ಕಾರ್ರು. ಹಮಾಲರು ಕಡಿಮೆ ಬಿದ್ದ ದಿನ ತಾವೇ ಅಂಗಿ ಕಳೆದು ಚೀಲಕ್ಕೆ ಬೆನ್ನು ಕೊಡುತ್ತಿದ್ದರು. ನಾನು ಸೇರಿದ್ದೂ ಹಮಾಲನಾಗಿಯೇ. ಮಧ್ಯಾಹ್ನ ಉಂಡ ಮೇಲೆ ಚೀಲದ ಮೇಲೆ ಕೂತು ಹತ್ತನೆಯ ಇಯತ್ತೆಯ ಪುಸ್ತಕ ತೆರೆಯುತ್ತಿದ್ದುದರಿಂದ ಎಲ್ಲರೂ ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು.

“ಏ ಮಾಸ್ತರಾ, ಈ ಚೀಲಾನೂ ಒಂದೀಟ ಓದಿ ಹೇಳೊ, ಒಳಗ ಏನ ಬರದಾರ ನೋಡೂಣು,” ಎನ್ನುತ್ತ ನನ್ನ ಜೊತೆಯ ಹಮಾಲ ನನ್ನ ಬೆನ್ನ ಮೇಲೆ ಚೀಲ ಇಡುತ್ತಿದ್ದ. ಉಳಿದವರು ನಗುತ್ತಿದ್ದರು. ಆ ನಗೆ ನನಗೆ ಎಂದೂ ಚುಚ್ಚಲಿಲ್ಲ. ನಾನು ಪಾಸಾದ ದಿನ ಮೂಡಲಗಿ ಪೇಟೆಗೆ ಹೋಗಿ ಪೇಢೆ ತಂದು ಇಡೀ ಶೆಡ್ಡಿಗೆ ಹಂಚಿದವನು ಅವನೇ.

ಗೇಟಿನ ಬಾಜೂಕೆ ಒಂದು ಸಣ್ಣ ಕೋಣೆ, ಕೋಣೆಯ ಮುಂದೆ ಒಂದು ಕಲ್ಲಿನ ಗೂಟ, ಗೂಟಕ್ಕೆ ಒಂದು ಎಮ್ಮೆ. ಎಮ್ಮೆ ತುಕ್ಕಾನಟ್ಟಿಯ ಒಬ್ಬ ಹಿರಿಯ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ಸಾವ್ಕಾರ್ರು ಅವರಿಗೆ ಗೇಟು ಕಾಯುವ ಕೆಲಸ ಕೊಟ್ಟಿದ್ದರು. ಅವರು ಬರುವಾಗ ಎಮ್ಮೆಯನ್ನೂ ಹೊಡೆದುಕೊಂಡೇ ಬಂದಿದ್ದರು. ನಮಗೆಲ್ಲ ಅವರು ಕಾಕು, ಚಿಕ್ಕಮ್ಮನ ಹಾಗೆ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ದಿನವೂ ಮುಂಜಾನೆ ಮೊದಲ ಕಲಸು ತೆಗೆದ ಕೂಡಲೆ ಒಂದು ಕಬ್ಬಿಣದ ಬುಟ್ಟಿಯಲ್ಲಿ ತುಂಬಿ ಎಮ್ಮೆಯ ಮುಂದೆ ಇಡಬೇಕು. ಎಮ್ಮೆ ಮೂಸಿ, ನಾಲ್ಕು ಬಾಯಿ ತಿಂದರೆ ಸಾವ್ಕಾರ್ರು “ಬಿಡ್ರಿ ಗಾಡಿ” ಎನ್ನುತ್ತಿದ್ದರು. ಮೂಸಿ, ಮೂಗಿನಿಂದ ಉಫ್ ಎಂದು ಊದಿ ಮುಖ ತಿರುವಿದರೆ ಅಂದಿನ ಕಲಸೆಲ್ಲ ನೆಲಕ್ಕೆ ಸುರಿದು ಕೈ ಹಾಕಿ ನೋಡಬೇಕು. ನಾನಿದ್ದ ಮೊದಲ ವರ್ಷಗಳಲ್ಲಿ ಆಕೆ ಎರಡು ಸಲ ಮುಖ ತಿರುವಿದ್ದಳು. ಒಮ್ಮೆ ಕೆಳಗಿನ ಗೊಂಜಾಳಕ್ಕೆ ಬೂಷ್ಟು ಹಿಡಿದಿತ್ತು. ಇನ್ನೊಮ್ಮೆ ಬೆಳೆಗೆ ಹೊಡೆಯುವ ಔಷಧದ ಡಬ್ಬಿ ಸಾಗಿಸಿದ್ದ ಗಾಡಿಯಲ್ಲೇ ಬೂಸಾ ಬಂದಿತ್ತು. ಎರಡು ಸಲವೂ ನಮ್ಮ ಮೂಗಿಗೆ ಏನೂ ತಿಳಿದಿರಲಿಲ್ಲ.

ಈ ಪದ್ಧತಿಗೆ ಕಾಕುನದು ಒಂದೇ ಒಂದು ಕಟ್ಟಳೆ. ಬುಟ್ಟಿ ಬರುವವರೆಗೆ ಎಮ್ಮೆಗೆ ಒಂದು ಎಸಳು ಮೇವು ಸಹ ಕೊಡುತ್ತಿರಲಿಲ್ಲ.

“ಖಾಲಿ ಹೊಟ್ಟೀಲೆ ಇರ್ಬೇಕ ತಮ್ಮಾ. ಹೊಟ್ಟಿ ತುಂಬಿದಾಕಿನ್ನ ಕೇಳಿದ್ರ ಆಕಿ ಏನ ಹೇಳ್ತಾಳ? ಎಲ್ಲಾ ಒಂದ ರುಚಿ ಅಂತಾಳ,” ಎನ್ನುತ್ತಿದ್ದರು.

ಎಮ್ಮೆ ತಿನ್ನುವವರೆಗೆ ಸಾವ್ಕಾರ್ರು, ಹಮಾಲರು, ಡ್ರೈವರ್, ಚೀಲ ಹೊಲಿಯುವ ಹೆಣ್ಣುಮಕ್ಕಳು ಎಲ್ಲರೂ ಸುತ್ತ ನಿಲ್ಲುತ್ತಿದ್ದೆವು. ತಿಂದ ಮೇಲೆ ಅದೇ ಎಮ್ಮೆಯ ಹಾಲಿನ ಚಹಾ. ಯಾರ ಮಗುವಿಗೆ ಜ್ವರ, ಯಾರ ಮನೆಯಲ್ಲಿ ಲಗ್ನ, ಯಾರು ಯಾರ ಸಂಗಡ ಮಾತು ಬಿಟ್ಟಿದ್ದಾರೆ, ಎಲ್ಲವೂ ಆ ಚಹಾದ ಹೊತ್ತಿನಲ್ಲಿ ಗೊತ್ತಾಗುತ್ತಿತ್ತು. ಒಬ್ಬರ ಮನೆಯಲ್ಲಿ ಸಾವಾದರೆ ಶೆಡ್ಡಿಗೆ ಬೀಗ ಹಾಕಿ ಎಲ್ಲರೂ ಮಣ್ಣಿಗೆ ಹೋಗಿ ಬರುತ್ತಿದ್ದೆವು. ಇದನ್ನೆಲ್ಲ ನಾವು ದೊಡ್ಡದು ಎಂದು ತಿಳಿದಿರಲಿಲ್ಲ. ಕೆಲಸ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆವು.

ಆಮೇಲೆ ನಮ್ಮ ಹಿಂಡಿಗೆ ಹೆಸರು ಬಂತು. ಎಷ್ಟು ಬೇಗ ಬಂತೆಂದರೆ ನಮಗೆ ಮೈ ತುರಿಸಿಕೊಳ್ಳಲೂ ಪುರಸೊತ್ತಿಲ್ಲದಾಯಿತು. ಶೆಡ್ಡಿನ ಬಾಜೂಕೆ ಮತ್ತೊಂದು ಶೆಡ್ಡು. ಹುಕ್ಕೇರಿ ತಾಲೂಕಿನ ಕಣಗಲಾದ ಹತ್ತಿರ, ಹೈವೇಗೆ ಸಮೀಪ, ದೊಡ್ಡ ಯಂತ್ರಗಳ ಹೊಸ ಕಾರಖಾನೆ. ಗೋಕಾಕದಲ್ಲಿ ಮೂರನೆಯ ಮಜಲೆಯ ಮೇಲೆ ಆಫೀಸು. ಒಂಬತ್ತು ಮಂದಿ ಇದ್ದವರು ಎರಡು ವರ್ಷದೊಳಗೆ ಇನ್ನೂರರ ಮೇಲಾದೆವು. ನನಗೆ ಮಾಲು ಕಳಿಸುವ ವಿಭಾಗದಲ್ಲಿ ಕುರ್ಚಿ ಸಿಕ್ಕಿತು. ಅದು ಸಂತೋಷವೇ. ಆದರೆ ಒಂದು ದಿನ ಮೂಡಲಗಿಯ ಗೇಟಿನಲ್ಲಿ ನೀಲಿ ಅಂಗಿಯ ಹೊಸ ಸೆಕ್ಯುರಿಟಿಯವನು ನನ್ನ ಎದೆಗೆ ಕೈ ಅಡ್ಡ ಹಿಡಿದ.

“ಯಾರ್ರಿ ನೀವು? ಯಾರನ್ನ ಭೆಟ್ಟಿ ಆಗೋದೈತಿ?”

ಆ ಗೇಟಿಗೆ ಬಣ್ಣ ಹಚ್ಚಿದವನು ನಾನು. ನಾಲ್ಕು ವರ್ಷ ಸಂಜೆ ಅದರ ಬೀಗ ಹಾಕಿದವನು ನಾನು. ಕೊರಳಲ್ಲಿ ಕಾರ್ಡು ಇರಲಿಲ್ಲ, ಅಷ್ಟೇ. ಕೋಣೆಯಿಂದ ಕಾಕು ಕೂಗಿದರು: “ಬಿಡೊ ತಮ್ಮಾ, ಅವ ಈ ಮನಿ ಮಗಾ.” ಆಗ ಒಳಗೆ ಬಿಟ್ಟ.

ಅದೇ ದಿನಗಳಲ್ಲಿ ದೊಡ್ಡ ಸಾಹೇಬರು ಬಂದರು. ಪುಣೆಯಲ್ಲಿ ಯಾವುದೋ ಕಂಪನಿಯನ್ನು ಬೆಳೆಸಿ ಬಂದವರಂತೆ. ಸಾವ್ಕಾರ್ರಿಗೆ ಮೂರು ಊರು ಓಡಾಡಿ ಸಾಕಾಗಿತ್ತು. ಎಲ್ಲವನ್ನೂ ಅವರ ಕೈಗೆ ಕೊಟ್ಟು ತಾವು ಬ್ಯಾಂಕು, ಜಾಗ, ಹೊಸ ಯಂತ್ರ ಎಂದು ತಿರುಗತೊಡಗಿದರು. ಸಾಹೇಬರು ಮೊದಲ ಮೀಟಿಂಗಿನಲ್ಲಿಯೇ “ನಾವೆಲ್ಲ ಒಂದೇ ಫ್ಯಾಮಿಲಿ” ಎಂದರು. ದಿನವೂ ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ “ಗುಡ್ ಮಾರ್ನಿಂಗ್ ಫ್ಯಾಮಿಲಿ” ಎಂದು ಹೂವಿನ ಚಿತ್ರ ಹಾಕುತ್ತಿದ್ದರು. ಐದು ನಿಮಿಷದೊಳಗೆ ಕೈ ಮುಗಿದ ಚಿತ್ರ ಹಾಕದವರನ್ನು ಕರೆದು ಕೇಳುತ್ತಿದ್ದರು. ಸೋಮವಾರ ಎಲ್ಲರೂ ನಿಂತು ಚಪ್ಪಾಳೆ ತಟ್ಟಬೇಕು. ತಿಂಗಳಿಗೊಬ್ಬನ ಫೋಟೊ ಗೋಡೆಗೆ. ಆ ಫೋಟೊಕ್ಕಾಗಿ ಒಬ್ಬರ ಮೇಲೊಬ್ಬರು ಚಾಡಿ ಹೇಳಲು ಶುರು ಮಾಡಿದರು. ಬುತ್ತಿಯನ್ನು ಗುಂಪಾಗಿ ಬಿಚ್ಚುತ್ತಿದ್ದವರು ಈಗ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು. ನನಗೆ ಪೇಢೆ ಹಂಚಿದ್ದ ಹಮಾಲನನ್ನು ಕಣಗಲಾಕ್ಕೆ ಹಾಕಿದ್ದರು. ಅಲ್ಲಿಗೆ ಹೋದ ಮೇಲೆ ಅವನ ತಾಯಿ ತೀರಿಕೊಂಡಳು. ನನಗೆ ತಿಳಿದದ್ದು ದಿನಕರ್ಮ ಮುಗಿದ ಮೇಲೆ. ಸಾವ್ಕಾರ್ರಿಗೆ ತಿಳಿಯಲೇ ಇಲ್ಲ. ಗುಂಪಿನಲ್ಲಿ ಅಂದು ಬಂದದ್ದು ಯಾರದೋ ಹುಟ್ಟುಹಬ್ಬದ ಕೇಕಿನ ಫೋಟೊ.

ಒಮ್ಮೆ ಸಾಹೇಬರು ನನ್ನಿಂದ ವಾರದ ವರದಿ ಕೇಳಿದರು. ಎರಡು ತಾಸು ಕೂತು ಒತ್ತಿ ಕಳಿಸಿದೆ. ಮೀಟಿಂಗಿನಲ್ಲಿ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಓದಿ, “ಇದನ್ನ ಬರೆದದ್ದು ನೀವಾ, ಗೇಟಲ್ಲಿರೋ ಎಮ್ಮೆನಾ?” ಎಂದು ಕೇಳಿದರು. ಇಡೀ ಕೋಣೆ ನಕ್ಕಿತು. ಹೊಸಬರು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ, ನಗದಿದ್ದರೆ ಅವರ ಸರದಿ ಬರುತ್ತಿತ್ತು. ಹಳಬರು ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡರು. ಅಂದು ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಬಂದರೂ ಹತ್ತಲಿಲ್ಲ. ಮೂರು ಬಸ್ಸು ಹೋದವು. ಆ ಮನುಷ್ಯ ಸೊಂಟದವರೆಗೆ ಸಗಣಿಯ ತಿಪ್ಪೆಯಲ್ಲಿ ನಿಂತು ನನ್ನ ಹತ್ತಿರ ಕೈ ಚಾಚುವುದನ್ನು ಕಣ್ಣ ಮುಂದೆ ತಂದುಕೊಳ್ಳುತ್ತ ನಿಂತೆ. ಬಹಳ ಹಿತವಾಗಿತ್ತು. ಆ ದಿನ ನಡೆದದ್ದನ್ನು ಕಾಕು ಒಬ್ಬರಿಗೇ ಹೇಳಿದೆ.

ಆದರೆ ನನ್ನ ಅವಮಾನವನ್ನು ನಾನು ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಮುಂದೆ ಬಂತು.

ಯಾವುದೋ ಪ್ರಮಾಣಪತ್ರ ಕೊಡುವವರು ಮೂಡಲಗಿಯ ಶೆಡ್ಡು ತಪಾಸಣೆಗೆ ಬರುವವರಿದ್ದರು. ಹಿಂದಿನ ದಿನ ಸಾಹೇಬರು ಬಂದು ಗೇಟಿನಲ್ಲಿ ಕಾರು ನಿಲ್ಲಿಸಿ ಮೂಗು ಮುಚ್ಚಿಕೊಂಡರು.

“ಏನ್ರೀ ಇದು? ನಾಳೆ ಬರೋರು ಸಗಣಿ ದಾಟಿಕೊಂಡು ಒಳಗೆ ಬರಬೇಕಾ?”

“ಸಾಹೇಬರ, ನಮ್ಮ ಮಾಲ ಪಾಸ ಮಾಡಾಕಿನ ಆಕಿರಿ,” ಎಂದೆ ನಾನು.

“ಓ! ಮೇಡಮ್ ಕ್ವಾಲಿಟಿ ಮ್ಯಾನೇಜರಾ? ಹಾಗಾದರೆ ಐಡಿ ಕಾರ್ಡ್ ಎಲ್ಲಿ?”

ಕಾಕು ಕಸಬರಿಗೆ ಕೆಳಗಿಟ್ಟು ಸೀರೆಯ ಸೆರಗು ಸರಿ ಮಾಡಿಕೊಂಡರು.

“ಕಾರ್ಡ ಯಾಕ ಬೇಕರಿ, ಆಕಿ ಕೊಳ್ಳಾಗ ಹಗ್ಗ ಐತೆಲ್ಲರಿ? ನಿಮ್ಮ ಕೊಳ್ಳಾಗೂ ಒಂದ ಐತಿ ನೋಡ್ರಿ.”

ಸಾಹೇಬರ ಕೊರಳಿನ ಕಾರ್ಡಿನ ಪಟ್ಟಿಯನ್ನು ಎಲ್ಲರೂ ನೋಡಿದರು. ಎಷ್ಟೋ ತಿಂಗಳ ಮೇಲೆ ಆ ಶೆಡ್ಡಿನಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು. ಸೆಕ್ಯುರಿಟಿಯವನೂ ನಕ್ಕ. ಆ ನಗೆಯ ಬೆಲೆ ಕಾಕು ಕೊಟ್ಟರು. ಸಂಜೆಯೊಳಗೆ ಎಮ್ಮೆಯನ್ನು ತೆಗೆಯಬೇಕು, ಗೇಟಿನ ಕೋಣೆ ಖಾಲಿಯಾಗಬೇಕು, ಕಾಕು ನಾಳೆಯಿಂದ ಕಣಗಲಾದ ಕಾರಖಾನೆಯಲ್ಲಿ ಸಂಡಾಸು ತೊಳೆಯುವ ಕೆಲಸಕ್ಕೆ ಹಾಜರಾಗಬೇಕು ಎಂದು ಚೀಟಿ ಬಂತು. ತುಕ್ಕಾನಟ್ಟಿಯಿಂದ ಕಣಗಲಾಕ್ಕೆ ಬಸ್ಸು ಬದಲಿಸಿ ಬದಲಿಸಿ ಹೋಗಬೇಕು. ಹೋಗುವುದಿಲ್ಲ ಎಂದು ಗೊತ್ತಿದ್ದೇ ಬರೆದ ಚೀಟಿ ಅದು. ಸಾವ್ಕಾರ್ರಿಗೆ ಫೋನು ಹಚ್ಚಿದೆ. “ಸಾಹೇಬರು ಏನ ಮಾಡ್ಯಾರ ಅದನ್ನ ವಿಚಾರ ಮಾಡೇ ಮಾಡಿರ್ತಾರ ತಗೊ,” ಎಂದು ಇಟ್ಟುಬಿಟ್ಟರು.

ಕಾಕು ಅಳಲಿಲ್ಲ. ಎರಡು ಗಂಟು ಕಟ್ಟಿ, ಹಗ್ಗ ಬಿಚ್ಚಿ, ನಡೆದುಕೊಂಡೇ ಊರಿಗೆ ಹೊರಟರು. ಒಂದು ಗಂಟು ನಾನು ಹೊತ್ತೆ. ದಾರಿಯುದ್ದಕ್ಕೂ ಎಮ್ಮೆ ಹಿಂದೆ ತಿರುಗಿ ತಿರುಗಿ ನೋಡುತ್ತಿತ್ತು.

“ಕಾಕೂ, ಈಕಿನ್ನ ಮತ್ತ ಅದ ಗೂಟಕ್ಕ ಕಟ್ಟಸ್ತೇನಿ. ನಿಮ್ಮನ್ನ ಅವರ ಬಂದ ಕರೀಬೇಕ, ಹಂಗ ಮಾಡ್ತೇನಿ. ಮಾಡಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿದವನ ಅಲ್ಲ.”

“ಹುಚ್ಚಪ್ಪಾ, ನಿಮ್ಮಪ್ಪನ್ನ ಯಾಕ ನಡುವ ತರ್ತಿ,” ಎಂದರು ಕಾಕು. ಆದರೆ ಅವರ ಮುಖದಲ್ಲಿ ಆಸೆ ಇತ್ತು. ನಾನು ನೋಡಿದೆ. ಆ ಆಸೆಯನ್ನೇ ನಾನು ಹಿಡಿದುಕೊಂಡದ್ದು.

ಒಂದೂವರೆ ವರ್ಷ ಕಾದೆ. ಕೈ ಮುಗಿದ ಚಿತ್ರ ಎಲ್ಲರಿಗಿಂತ ಮೊದಲು ಹಾಕಿದೆ. ಚಪ್ಪಾಳೆ ಜೋರಾಗಿ ತಟ್ಟಿದೆ. ನನ್ನ ಫೋಟೊ ಕೂಡ ಒಂದು ತಿಂಗಳು ಗೋಡೆಯ ಮೇಲಿತ್ತು. ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕುವಷ್ಟು ಆದೆ. ಆ ಕೈ ಇದ್ದ ಜಾಗವನ್ನು ಮನೆಗೆ ಹೋಗಿ ಸಾಬೂನು ಹಚ್ಚಿ ತೊಳೆಯುತ್ತಿದ್ದೆ.

ಕೊನೆಗೆ ಹೊತ್ತು ಬಂತು. ಹೊಸ ನಮೂನೆಯ ಹಿಂಡಿ ತೆಗೆದಿದ್ದರು, ಹಾಲಿನ ಎಮ್ಮೆಗಳಿಗೆಂದೇ. ಹುಕ್ಕೇರಿಯಲ್ಲಿ ಲಗ್ನಗಳು ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಅಂಗಡಿಕಾರರನ್ನೂ ರೈತರನ್ನೂ ಕರೆದು ಅದನ್ನು ತೋರಿಸುವ ಕಾರ್ಯಕ್ರಮ. ತಯಾರಿಯ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಹೇಳಿದೆ: “ಹಳೇ ಪದ್ಧತಿ ಪ್ರಕಾರ ಎಲ್ಲಾರ ಮುಂದ ಎಮ್ಮಿ ಕಡಿಂದ ಮೂಸಸೂಣರಿ. ಆ ಎಮ್ಮಿ ಸುದ್ದಿ ಹಳೇ ಅಂಗಡಿಕಾರರಿಗೆಲ್ಲಾ ಗೊತ್ತೈತಿ.”

ಸಾವ್ಕಾರ್ರ ಕಣ್ಣು ಒದ್ದೆಯಾದವು. ಅವರಿಗೆ ಹಳೆಯ ಶೆಡ್ಡು ನೆನಪಾಗಿರಬೇಕು. ಸಾಹೇಬರು ನನಗಿಂತ ಹೆಚ್ಚು ಕುಣಿದರು.

“ಸೂಪರ್ ಐಡಿಯಾ! ನಮ್ಮ ಪರಂಪರೆ ಅಂತ ಬ್ಯಾನರ್ ಮಾಡಿಸೋಣ. ಎಮ್ಮೆಗೆ ಒಂದು ಝೂಲ ಹೊದಿಸಿ. ಫೋಟೊ ಚೆನ್ನಾಗಿ ಬರುತ್ತೆ.”

ಯಾವ ಎಮ್ಮೆಯನ್ನು ಮೂಗು ಮುಚ್ಚಿಕೊಂಡು ಓಡಿಸಿದ್ದರೋ ಅದೇ ಎಮ್ಮೆ ಈಗ ಪರಂಪರೆ. ಆ ಮಾತು ಕೇಳಿದಾಗ ನನಗಿದ್ದ ಸ್ವಲ್ಪ ಅಳುಕೂ ಹೋಯಿತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಹೊಸ ಹಿಂಡಿ ಚೆನ್ನಾಗಿತ್ತು. ನಾನೇ ಮೊಳಕೈವರೆಗೆ ಕೈ ಹಾಕಿ ನೋಡಿದ್ದೆ, ಬಾಯಿಗೆ ಹಾಕಿಕೊಂಡು ನೋಡಿದ್ದೆ. ಒಣಗಿದ ಒಳ್ಳೆಯ ಗೊಂಜಾಳ, ಹುರಿದಂತಹ ಘಮ. ಹಸಿದ ಎಮ್ಮೆ ಬುಟ್ಟಿ ನೆಕ್ಕಿ ಬರಿದು ಮಾಡುತ್ತಿತ್ತು. ಹಾಗಾದರೆ ಚಪ್ಪಾಳೆ ಬೀಳುವುದು ಸಾಹೇಬರಿಗೆ.

ಕಾರ್ಯಕ್ರಮದ ಮುಂಜಾನೆ ಟೆಂಪೊ ತೆಗೆದುಕೊಂಡು ತುಕ್ಕಾನಟ್ಟಿಗೆ ಹೋದೆ. ಕಾಕು ಎಮ್ಮೆಯ ಮೈ ತೊಳೆದು, ಕೋಡಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ್ದರು.

“ನೀವೂ ಬರ್ರಿ ಕಾಕೂ.”

“ನಾ ಒಲ್ಲೆ. ಕರದ್ರ ಗೇಟಿಗೆ ಬರ್ತೇನಿ, ತಮಾಷಾಕ ಬರೂದಿಲ್ಲ. ನಿನ್ನಿ ರಾತ್ರಿ ಎರಡ ಸೂಡ ಒಣಾ ಕಣಕಿ ಮೇವ ಹಾಕೇನಿ, ಮುಂಜಾನಿಂದ ಏನೂ ಹಾಕಿಲ್ಲ. ದಾರ್ಯಾಗ ಏನೂ ತಿನಸಬ್ಯಾಡ. ಪದ್ಧತಿ ಗೊತ್ತೈತೆಲ್ಲ?”

“ಗೊತ್ತೈತ್ರಿ,” ಎಂದು ಹಗ್ಗ ಕೈಗೆ ತೆಗೆದುಕೊಂಡೆ.

ಹುಕ್ಕೇರಿಗೆ ಹೋಗುವ ದಾರಿಯಲ್ಲಿ ನಮ್ಮ ಬೀಗರೊಬ್ಬರ ಗೊಂಜಾಳದ ಹೊಲವಿದೆ. ತೆನೆಯಲ್ಲಿ ಹಾಲುಗಾಳು ತುಂಬಿದ ಹೊತ್ತು. ಅಲ್ಲಿ ಟೆಂಪೊ ನಿಲ್ಲಿಸಿ ಎಮ್ಮೆಯನ್ನು ಇಳಿಸಿ ಹೊಲದೊಳಗೆ ಬಿಟ್ಟೆ. ಅವರನ್ನು ಮೊದಲೇ ಕೇಳಿಕೊಂಡಿದ್ದೆ.

“ಏನೂ ತಿನಸಬ್ಯಾಡ ಅಂದಾರಲ್ಲೊ ಕಾಕು?” ಎಂದ ಡ್ರೈವರ್.

“ನೀ ಸುಮ್ನ ಬೀಡಿ ಸೇದ ಹೋಗ.”

ಅವನು ಎರಡು ಬೀಡಿ ಸೇದಿದ. ಮೂರನೆಯದಕ್ಕೆ ಕಡ್ಡಿ ಗೀರುವಾಗಲೂ ಎಮ್ಮೆ ತಿನ್ನುತ್ತಲೇ ಇತ್ತು. ಎಡಗಡೆಯ ಪಕ್ಕೆ ಡೋಲಿನಂತೆ ಉಬ್ಬಿದ ಮೇಲೆ ಎರಡು ಬಕೆಟ್ ನೀರು ಕುಡಿಸಿದೆ. ಒದ್ದೆ ಅರಿವೆಯಿಂದ ಬಾಯಿ, ಮೂಗು, ಹಲ್ಲಿನ ಸಂದಿ ಎಲ್ಲ ಒರೆಸಿ ಹಸಿರು ಕಾಣದಂತೆ ಮಾಡಿದೆ. ಹುಕ್ಕೇರಿಗೆ ಮುಟ್ಟಿದಾಗ ಸಾಹೇಬರ ಕಡೆಯವರು ಕನ್ನಡಿ ಹಚ್ಚಿದ ಕೆಂಪು ಝೂಲ ತಂದು ಹೊದಿಸಿದರು. ಎರಡೂ ಪಕ್ಕೆ ಮುಚ್ಚಿ ಹೋದವು. ಅಲ್ಲಿ ಬಂದಿದ್ದ ರೈತರು ಪಕ್ಕೆ ನೋಡಿದ್ದರೆ ಹೊಟ್ಟೆ ತುಂಬಿದ್ದು ಒಂದು ಕ್ಷಣದಲ್ಲಿ ಹೇಳಿಬಿಡುತ್ತಿದ್ದರು. ಆ ಕೆಲಸವನ್ನು ಸಾಹೇಬರೇ ತಮ್ಮ ಫೋಟೊಕ್ಕಾಗಿ ನನಗೆ ಮಾಡಿಕೊಟ್ಟರು.

ಕಾರ್ಯಾಲಯದ ಅಂಗಳದಲ್ಲಿ ಮಂಟಪ, ಮುಂದೆ ಕುರ್ಚಿಗಳು. ಸಾಹೇಬರು ಮೈಕು ಹಿಡಿದು ನಮ್ಮ ಪರಂಪರೆ, ನಮ್ಮ ಫ್ಯಾಮಿಲಿ, ನಮ್ಮ ಸಂಸ್ಕೃತಿ ಎಂದು ಕಾಲು ತಾಸು ಮಾತಾಡಿದರು. ಆಮೇಲೆ ತಾವೇ ಬುಟ್ಟಿ ಎತ್ತಿ ಎಮ್ಮೆಯ ಮುಂದೆ ಇಟ್ಟು ಕ್ಯಾಮೆರಾದ ಕಡೆ ನಕ್ಕರು. ಹೊಟ್ಟೆ ತುಂಬಿದ ಎಮ್ಮೆಯೂ ಹಿಂಡಿ ಕಂಡರೆ ಬಾಯಿ ಹಾಕುವುದುಂಟು.

ಎಮ್ಮೆ ಮೂಸಿತು. ಇನ್ನೊಮ್ಮೆ ಮೂಸಿತು. ಉಫ್ ಎಂದು ಊದಿತು. ಹಿಂಡಿಯ ಪುಡಿ ಹಾರಿ ಸಾಹೇಬರ ಕೋಟಿಗೆ ಬಿತ್ತು. ಎಮ್ಮೆ ಮುಖ ತಿರುವಿತು.

ಸಾಹೇಬರು ಬುಟ್ಟಿಯನ್ನು ಆ ಕಡೆ ಸರಿಸಿದರು. ಎಮ್ಮೆ ಈ ಕಡೆ ತಿರುಗಿತು. ಈ ಕಡೆ ಸರಿಸಿದರು. ಆ ಕಡೆ ತಿರುಗಿತು.

“ಏ, ಎಮ್ಮಿ ಒಲ್ಲೆ ಅನ್ನಾಕತ್ತೈತ್ರೊ!” ಎಂದು ಹಿಂದಿನಿಂದ ಒಬ್ಬ ಕೂಗಿದ.

“ಸಾಹೇಬರ, ನೀವ ಒಂದೀಟ ತಿಂದ ತೋರಸ್ರಿ, ಆಕಿಗೆ ಧೈರ್ಯ ಬರ್ಲಿ!” ಎಂದ ಇನ್ನೊಬ್ಬ.

ಅಂಗಳವೆಲ್ಲ ನಗೆ. ಮೊಬೈಲುಗಳು ಮೇಲೆದ್ದವು. ಮುಂದಿನ ಸಾಲಿನಲ್ಲಿದ್ದ ಹಳೆಯ ಅಂಗಡಿಕಾರರು ಮಾತ್ರ ನಗಲಿಲ್ಲ. ಅವರು ಆ ಎಮ್ಮೆಯನ್ನು ನಂಬಿದವರು. ಒಬ್ಬೊಬ್ಬರೇ ಎದ್ದು ಟೋಪಿ ಹಾಕಿಕೊಂಡು ಹೊರಟರು. ಸಾಹೇಬರ ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು. ಗೋಡೆಯ ಮೇಲೆ ನನ್ನ ವರದಿ ತೋರಿಸಿದ ದಿನ ನನ್ನ ಮುಖ ಹೇಗಿತ್ತೋ ನಾನು ನೋಡಿರಲಿಲ್ಲ, ಈಗ ನೋಡಿದೆ. ಆ ಮುಖವನ್ನು ಇಂದಿಗೂ ನೆನೆಸಿಕೊಳ್ಳುತ್ತೇನೆ. ನೆನೆಸಿಕೊಂಡಾಗಲೆಲ್ಲ ಬಾಯಲ್ಲಿ ಸಿಹಿ ಬರುತ್ತದೆ. ಸುಳ್ಳು ಹೇಳುವುದಿಲ್ಲ.

ಸಂಜೆ ಹೊತ್ತು ಮುಳುಗುವ ಮೊದಲು ತುಕ್ಕಾನಟ್ಟಿಗೆ ಮರಳಿದೆ. ಎಮ್ಮೆಯನ್ನು ಕಟ್ಟಿ, ಅಂಗಳದಲ್ಲಿ ಕೂತು ನಡೆದದ್ದನ್ನೆಲ್ಲ ಕಾಕುಗೆ ಹೇಳಿದೆ. ಬುಟ್ಟಿ ಆ ಕಡೆ, ಎಮ್ಮೆ ಈ ಕಡೆ ಎಂದು ಎದ್ದು ನಿಂತು ಮಾಡಿ ತೋರಿಸಿದೆ. ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಚಿಂತೆಗೆ ಬಿದ್ದರು.

“ಅಲ್ಲೊ, ಆ ಹಿಂಡ್ಯಾಗ ಏನ ಕೆಟ್ಟಿತ್ತ? ಮಂದಿ ದನಾ ತಿಂದಾವೇನ ಅದನ್ನ?”

ಅಷ್ಟರಲ್ಲಿ ಎಮ್ಮೆ ತನ್ನ ಜಾಗದಲ್ಲಿ ಮಲಗಿ, ಉಸಿರು ಬಿಟ್ಟು, ಮೆಲುಕು ಹಾಕಲು ಶುರು ಮಾಡಿತು. ಕುರಿಗಳ ನಡುವೆ ಬೆಳೆದವನು ನಾನು. ಗದ್ದಲದಲ್ಲಿ ಸುಮ್ಮನಿದ್ದ ಪ್ರಾಣಿ ಮನೆಗೆ ಬಂದು ನೆಮ್ಮದಿಯಾದ ಮೇಲೆ ನುಂಗಿದ್ದನ್ನು ಮತ್ತೆ ಬಾಯಿಗೆ ತರುತ್ತದೆ ಎಂಬುದು ನಡೆಯಲು ಕಲಿಯುವ ಮೊದಲೇ ಗೊತ್ತಿದ್ದ ಸಂಗತಿ. ಹಲ್ಲಿನ ಸಂದಿ ಒರೆಸಿದವನು ಅದನ್ನೇ ಮರೆತಿದ್ದೆ. ಎಮ್ಮೆಯ ಬಾಯಿಯ ಅಂಚಿನಿಂದ ಹಸಿರು ನೊರೆ ಇಳಿಯಿತು.

ಕಾಕು ಎದ್ದು ಹೋಗಿ ಬೆರಳಿನಿಂದ ಆ ನೊರೆ ತೆಗೆದು ಮೂಸಿದರು. ಪಕ್ಕೆಯ ಮೇಲೆ ಅಂಗೈಯಿಂದ ತಟ್ಟಿ ನೋಡಿದರು.

“ಹಸಿ ಗೊಂಜಾಳ,” ಎಂದರು. “ನಾ ಹಾಕಿದ್ದಂತೂ ಒಣಾ ಕಣಕಿ.”

ಕಾಕು ನನ್ನ ಕಡೆ ತಿರುಗಿದರು.

“ಹೊಟ್ಟಿ ಉಬ್ಬಿ ಸತ್ತಿದ್ರ ಏನ ಮಾಡ್ತಿದ್ದಿ? ಹೋಗ್ಲಿ, ಬದುಕಿದ್ಲು. ಹಿಂಡಿ ಹೆಂಗಿತ್ತ? ಖರೆ ಹೇಳ.”

“ಛೊಲೊ ಇತ್ರಿ.”

“ಹಂಗಾರ ಇಷ್ಟ ವರ್ಷದಾಗ ಇಂದ ಒಂದ ದಿನಾ ಆಕಿ ಸುಳ್ಳ ಹೇಳಿದ್ಲು. ನೀ ಹೇಳಿಸಿದಿ.”

“ನಿಮ್ಮ ಸಲುವಾಗಿ ಮಾಡಿದ್ನಿ ಕಾಕೂ.”

“ನನ್ನ ಸಲುವಾಗಿ ಅಲ್ಲ. ನಿನ್ನ ಗ್ವಾಡಿ ಮ್ಯಾಲ ತೋರಿಸಿದ್ರಲ್ಲ, ಅದರ ಸಲುವಾಗಿ.”

ಬಯ್ಯಲಿಲ್ಲ. ದನಿ ಕೂಡ ಏರಿಸಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.

ಮುಂದೆ ಎಲ್ಲವೂ ನಾನು ಬಯಸಿದ ಹಾಗೇ ಆಯಿತು. ಆ ವಿಡಿಯೊ ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಕಡೆ ತಿರುಗಿತು. ಅಂಗಡಿಕಾರರು ಹೊಸ ಹಿಂಡಿ ಬೇಡ ಎಂದರು. ಎಂಟು ದಿನದೊಳಗೆ ಸಾಹೇಬರು ಕಾರ್ಡಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು ಪುಣೆಗೆ ಹೋದರು. ಅಲ್ಲಿ ಇದಕ್ಕಿಂತ ದೊಡ್ಡ ಕುರ್ಚಿ ಸಿಕ್ಕಿತೆಂದು ಆಮೇಲೆ ಕೇಳಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೊಸ ಹಿಂಡಿಗಾಗಿ ಶುರು ಮಾಡಿದ್ದ ಕಣಗಲಾದ ಎರಡನೆಯ ಪಾಳಿ ನಿಂತಿತು. ಆ ಪಾಳಿಯ ಹಮಾಲರನ್ನು ಮನೆಗೆ ಕಳಿಸಿದರು. ಪೇಢೆ ಹಂಚಿದ್ದ ನನ್ನ ಗೆಳೆಯನೂ ಅದರಲ್ಲಿದ್ದ. ಗೋಕಾಕದಲ್ಲಿ ಸಿಕ್ಕ. ಕಬ್ಬು ಕಡಿಯುವ ಗ್ಯಾಂಗಿನ ಸಂಗಡ ಹೊರಟಿದ್ದ, ಹೆಗಲ ಮೇಲೆ ಹಾಸಿಗೆ ಸುರುಳಿ.

“ಛೊಲೊ ಆತಲೆ ಮಾಸ್ತರಾ,” ಎಂದ. “ನಮ್ಮ ಕೆಲಸಾ ಹೋದ್ರ ಹೋಗವಲ್ದ್ಯಾಕ, ಆ ಸಾಹೇಬನ ಸೊಕ್ಕ ಮುರೀತ ನೋಡ. ಆ ಎಮ್ಮಿ ಕಾಲ ಬೀಳಬೇಕ.”

ಅವನಿಗೆ ನಾನು ಏನೂ ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಇದನ್ನು ಅವನು ಓದಿದರೆ ಗೊತ್ತಾಗುತ್ತದೆ.

ಆಮೇಲೆ ಸಾವ್ಕಾರ್ರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ತುಕ್ಕಾನಟ್ಟಿಗೆ ಹೋದರು. ಒಂದೂವರೆ ವರ್ಷ ನಾನು ಕಣ್ಣ ಮುಂದೆ ತಂದುಕೊಂಡಿದ್ದು ಇದೇ ದಿನ. ಸಾವ್ಕಾರ್ರು ಕಾಕುನ ಅಂಗಳದಲ್ಲಿ ಚಪ್ಪಲಿ ಬಿಟ್ಟು ಹೊರ ಕಟ್ಟೆಯ ಮೇಲೆ ಕೂತರು.

“ಕಾಕೂ, ನಂದ ತಪ್ಪಾಗೇತಿ. ಮಂದಿ ಬೆಳದ್ರ ಕಂಪನಿ ಬೆಳೀತ ಅನ್ಕೊಂಡ್ನಿ. ಈಗ ಯಾರ ಏನ ಅನ್ನೂದ ನನಗ ಗೊತ್ತಿಲ್ಲ. ನೀವ ಬರ್ರಿ. ಗೂಟ ಹಂಗ ಐತಿ. ಎಮ್ಮಿ ಮೂಸಿದ ಮ್ಯಾಲ ಗಾಡಿ, ಎರಡೂ ಕಡೆ ಅದ ಪದ್ಧತಿ ಮಾಡೂಣು.”

ಕಾಕು ಚಹಾ ತಂದುಕೊಟ್ಟರು. ನನ್ನ ಕಡೆ ನೋಡಲಿಲ್ಲ.

“ಬ್ಯಾಡ್ರಿ ಸಾವ್ಕಾರ್ರ. ಇನ್ನ ಈಕಿ ಮೂಸಿದ್ದಕ್ಕ ಕಿಮ್ಮತ್ತಿಲ್ಲರಿ.”

“ಯಾಕರಿ? ಊರ ತುಂಬ ಈಕಿದ ಮಾತ ಐತಿ.”

“ಊರಿಗೆ ಇದ್ರ ಇರ್ಲಿರಿ. ನನಗಿಲ್ಲ.”

ಸಾವ್ಕಾರ್ರಿಗೆ ಅರ್ಥವಾಗಲಿಲ್ಲ. ಹಳೆಯ ನೋವು ಇನ್ನೂ ಮಾಯ್ದಿಲ್ಲ ಎಂದುಕೊಂಡರು. ಕಾಕು ಒಂದು ಮಾತಿನಲ್ಲಿ ನನ್ನನ್ನು ಹಿಡಿದುಕೊಡಬಹುದಿತ್ತು. ಕೊಡಲಿಲ್ಲ. ಕೊಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಇನ್ನೂ ಅಲ್ಲಿಯೇ ಕೆಲಸ ಮಾಡುತ್ತೇನೆ. ಹೊಸ ಸಾಹೇಬರು ಬಂದಿದ್ದಾರೆ. ಚಪ್ಪಾಳೆ ನಿಂತಿದೆ, ಹೂವಿನ ಚಿತ್ರ ನಿಂತಿಲ್ಲ. ಗೂಟ ಅಲ್ಲಿಯೇ ಇದೆ. ಯಾರೋ ಅದಕ್ಕೆ ತಮ್ಮ ಮೋಟರ್ ಸೈಕಲ್ಲಿನ ಹೆಲ್ಮೆಟ್ ಸಿಕ್ಕಿಸುತ್ತಾರೆ. ತಿಂಗಳಿಗೊಮ್ಮೆ ತುಕ್ಕಾನಟ್ಟಿಗೆ ಹೋಗುತ್ತೇನೆ. ಕಾಕು ಉಂಡೆಯಾ ಎಂದು ಕೇಳುತ್ತಾರೆ, ರೊಟ್ಟಿ ಹಾಕುತ್ತಾರೆ, ಮಾತಾಡುತ್ತಾರೆ. ಆದರೆ ಎಮ್ಮೆಗೆ ನೀರು ಕುಡಿಸುವ ಹೊತ್ತಾದಾಗ ನಾನು ಏಳುವ ಮೊದಲೇ ತಾವು ಎದ್ದು ಹಗ್ಗ ಬಿಚ್ಚಿಕೊಳ್ಳುತ್ತಾರೆ. ಮಂಡಿ ನೋವು ಇದೆ ಅವರಿಗೆ. ಬಾಜೂಕಿನ ಮನೆಯವರ ಕೈಗೆ ಬೇಕಾದರೂ ಹಗ್ಗ ಕೊಡುತ್ತಾರೆ, ನನ್ನ ಕೈಗೆ ಕೊಡುವುದಿಲ್ಲ.

ಆ ಸಾಹೇಬರನ್ನು ನಾನು ಕ್ಷಮಿಸಿಲ್ಲ. ಅವರು ಮುಂದೆ ಬಂದು ನಿಂತರೆ ಮತ್ತೊಂದು ಬುಟ್ಟಿ ಹುಡುಕುತ್ತೇನೋ ಏನೋ. ಆದರೆ ಗೂಟಕ್ಕೆ ಎಮ್ಮೆ ಕಟ್ಟಿಸುತ್ತೇನೆ ಎಂದು ಆಣೆ ಮಾಡಿದವನು ನಾನು, ಕಟ್ಟದ ಹಾಗೆ ಮಾಡಿದವನೂ ನಾನು. ಈ ಎರಡು ಸಾಲು ಒತ್ತಲು ನನಗೆ ಅರ್ಧ ತಾಸು ಹಿಡಿಯಿತು, ಬೆರಳಿನ ದೋಷದಿಂದ ಅಲ್ಲ.

ನಿಮ್ಮ ಕೆಲಸದ ಜಾಗವೂ ಹೀಗೆ ಒಮ್ಮೆಲೆ ದೊಡ್ಡದಾಗಿ, ನಿಮ್ಮನ್ನು ಗೇಟಿನಲ್ಲಿ ಯಾರು ಎಂದು ಕೇಳಿದ್ದುಂಟೆ? ಸೇಡು ತೀರಿಸಿಕೊಂಡಿರಾ, ನುಂಗಿಕೊಂಡಿರಾ? ತೀರಿಸಿಕೊಂಡ ಮೇಲೆ ನಿದ್ದೆ ಬಂತೆ? ನಾಲ್ಕು ಸಾಲಾದರೂ ಬರೆದು ತಿಳಿಸಿರಿ. ನಾನು ಓದುವುದೂ ನಿಧಾನವೇ, ಆದರೆ ಒಂದನ್ನೂ ಬಿಡದೆ ಓದುತ್ತೇನೆ.